ಹಳ್ಳದ ಮೀನು

ಸಾಹೇಬರ ತಾಟಿನಲ್ಲಿ ಮುಳ್ಳಿನ ಹೊರತು ಏನೂ ಉಳಿದಿರಲಿಲ್ಲ. ಹುಸೇನಮ್ಮ ಅದನ್ನು ತಿಕ್ಕುತ್ತ ಒಳಗೊಳಗೇ ಹಿಗ್ಗಿದಳು. ತಿನ್ನಲಿ. ಇನ್ನಷ್ಟು ತಿನ್ನಲಿ.

ನಿಜಾಮರ ರಾಜ್ಯದ ಕಾಲ. ಲಿಂಗಸುಗೂರಿನ ಆಚೆ ಚಿನ್ನದ ಗಣಿ ತೆರೆದ ಮೇಲೆ ಅದಿರು ತೊಳೆದ ಪಾದರಸದ ನೀರೆಲ್ಲ ಹಳ್ಳಕ್ಕೆ ಇಳಿಯುತ್ತಿತ್ತು. ಆ ಹಳ್ಳದ ಮೀನು ತಿಂದೇ ಬೆಳೆದವಳು ಅವಳ ಮಗಳು ಆದಮ್ಮ. ಮೊದಲು ಹುಡುಗಿಯ ನಾಲಿಗೆ ತೊದಲಿತು. ಆಮೇಲೆ ಕೈಯಲ್ಲಿ ರೊಟ್ಟಿ ನಿಲ್ಲದಾಯಿತು. ಬೇಸಿಗೆ ಮುಗಿಯುವುದರೊಳಗೆ ಮಣ್ಣು ಮಾಡಿ ಬಂದರು.

ಊರವರು ಬಂಗಲೆಗೆ ಬಂದು ಕೇಳಿದಾಗ ಗಣಿಯ ಸಾಹೇಬರು ನಕ್ಕುಬಿಟ್ಟರು. “ನೀರು ಚೊಕ್ಕ ಐತಿ. ಆ ಮೀನ ನಾನೂ ತಿಂತೀನಿ, ತರ್ರಿ.”

ಆ ಬಂಗಲೆಯ ಅಡುಗೆಯವಳು ಹುಸೇನಮ್ಮನೇ. ಮರುದಿನದಿಂದ ಸಾಹೇಬರಿಗೆ ಹಳ್ಳದ ಮೀನು ಹುರಿಯತೊಡಗಿದಳು. ತನ್ನ ಮನೆಯಲ್ಲಿ ಮೀನಿನ ವಾಸನೆಯೂ ಸುಳಿಯಗೊಡಲಿಲ್ಲ. ಗಂಡ ಲಾಲಪ್ಪನಿಗೆ ಇದರ ಸುಳಿವು ಕೊಡಲಿಲ್ಲ. ಅವನು ಬಂಗಲೆಯ ಕಾವಲುಗಾರ. ಸಾಹೇಬರೆಂದರೆ ಅವನಿಗೆ ದೇವರು. ಮಗಳನ್ನು ಜ್ವರ ಒಯ್ದಿತೆಂದೇ ನಂಬಿದ್ದ.

“ಮೀನ ಹೆಂಗ ಆಗೈತ್ರೀ ಸಾಹೇಬ್ರ?”

“ಬಹುತ್ ಅಚ್ಛಾ. ನಾಳಿಗೂ ಮಾಡು.”

ತಾಟು ಹಿಡಿದು ಅವರು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಮಳೆಗಾಲ ಕಳೆಯಿತು. ಜೋಳ ತೆನೆ ಬಿಟ್ಟಿತು. ಸಾಹೇಬರ ಕೈ ಮಾತ್ರ ನಡುಗಲಿಲ್ಲ, ಚಹಾದ ಬಟ್ಟಲು ತುಳುಕಲಿಲ್ಲ. ಇವನಿಗೇನು ಕಲ್ಲಿನ ಹೊಟ್ಟೆಯೇ? ಹುಸೇನಮ್ಮ ಹತಾಶಳಾಗಿ ಮತ್ತೆರಡು ಮೀನು ಹೆಚ್ಚಿಗೆ ಹುರಿದಳು. ಮನೆಯಲ್ಲಿ ಲಾಲಪ್ಪ ಹಸಿವಿಲ್ಲವೆಂದು ಅರ್ಧ ರೊಟ್ಟಿಗೇ ಏಳುತ್ತಿದ್ದ. ಮಗಳ ಕೊರಗು, ಅಂದುಕೊಂಡಳು.

ಒಂದು ಮಧ್ಯಾಹ್ನ ಅವನ ಕೈಯಿಂದ ತಂಬಿಗೆ ಜಾರಿತು. ಎತ್ತಲು ಬಗ್ಗಿದ, ಬೆರಳು ಹಿಡಿಯಲಿಲ್ಲ.

“ಏ... ಏನಾಗಾಕತ್ತೈತಿ ನನಗ?” ನಾಲಿಗೆ ತೊದಲುತ್ತಿತ್ತು, ಆದಮ್ಮನ ಹಾಗೆಯೇ.

ಹುಸೇನಮ್ಮ ಅವನ ಹೆಗಲು ಹಿಡಿದು ಅಲ್ಲಾಡಿಸಿದಳು. “ಹಳ್ಳದ ನೀರ ಕುಡದೀಯೇನು? ಖರೇ ಹೇಳು! ಎಲ್ಲಿ ಏನ ತಿಂದಿ?”

ಕದ್ದು ತಿಂದು ಸಿಕ್ಕಿಬಿದ್ದ ಮಗುವಿನಂತೆ ಲಾಲಪ್ಪ ನಾಚಿ ನಕ್ಕ.

“ನಿನ್ನ ಮುಂದ ಹೇಳಬ್ಯಾಡ ಅಂದಾರ ಸಾಹೇಬ್ರು... ದಿನಾ ಹಿಂದಿನ ಬಾಗಲದಾಗ ಕರದು ತಮ್ಮ ತಾಟ ನನಗ ಕೊಡತಾರ. ನೀ ಹುರದ ಮೀನ, ಒಂದ ತುಣುಕೂ ಬಿಟ್ಟಿಲ್ಲ ನೋಡು.”