ಅದೇ ಅಳತೆ, ಅದೇ ರುಚಿ

ಗಡಿಯಾರ ಹನ್ನೊಂದು ಹೊಡೆಯುವುದಕ್ಕೂ ಅವಳು ಬಾಗಿಲು ತಳ್ಳುವುದಕ್ಕೂ ಸರಿಹೋಯಿತು. ಅಡುಗೆಯವನ ಕೈಯಲ್ಲಿದ್ದ ಸೌಟು ಬಾಣಲೆಯ ಅಂಚಿಗೆ ಬಡಿದು ಠಣ್ ಎಂದಿತು.

"ಬಂದ್ಲು ಕಣೋ ನಿನ್ನ ನೋಟ್‌ಬುಕ್ ಮೇಡಂ," ಎಂದಳು ಗಲ್ಲಾದಲ್ಲಿ ಕೂತಿದ್ದ ಅಕ್ಕ, ತುಟಿ ಅಲುಗಿಸದೆ. "ಇವತ್ತಿಗೆ ಇಪ್ಪತ್ತನೇ ದಿನ."

ಆರು ಮೇಜಿನ ಪುಟ್ಟ ಹೋಟೆಲು. ಅಕ್ಕನದು ಗಲ್ಲಾ, ತಮ್ಮನದು ಒಲೆ. ಜನ ಹುಡುಕಿಕೊಂಡು ಬರುತ್ತಿದ್ದುದು ಅವನ ತೆರಿಯಾಕಿ ಕೋಳಿಗೆ, ಸಿಹಿ ಸಾಸ್ ಮೆತ್ತಿದ ಆ ಜಪಾನೀ ತಿನಿಸಿಗೆ. ಅವನು ಬಾಟಲಿ ಸಾಸ್ ಸುರಿಯುವವನಲ್ಲ. ಸೋಯಾ ಸಾಸ್, ಸಕ್ಕರೆ, ವಿನೆಗರ್, ಜಜ್ಜಿದ ಶುಂಠಿ, ಬೆಳ್ಳುಳ್ಳಿ ಎಲ್ಲವನ್ನೂ ಬೆಳಿಗ್ಗೆ ತಾನೇ ಅಳೆದು ಕಲಸುತ್ತಿದ್ದ. ಅದರಲ್ಲಿ ಅರ್ಧವನ್ನು ಹಸಿ ಕೋಳಿಗೆ ಸವರಿ ನೆನೆಯಲು ಇಡುವನು. ಮಾಂಸ ಮುಟ್ಟದ ಇನ್ನರ್ಧವನ್ನು ಸಣ್ಣ ಉರಿಯಲ್ಲಿ ಕುದಿಸಿ, ಕಾರ್ನ್‌ಫ್ಲೋರ್ ಕದಡಿದ ನೀರು ಹಾಕಿ, ಸೌಟಿನ ಬೆನ್ನಿಗೆ ಅಂಟುವವರೆಗೆ ಕಾಯುವನು. ಒಂದು ಚೂರು ಹೆಚ್ಚಾಯಿತೇನೋ ಎಂಬ ಅನುಮಾನ ಬಂದರೆ ಅಷ್ಟನ್ನೂ ಚೆಲ್ಲಿ ಮೊದಲಿನಿಂದ ಶುರು. ಅಕ್ಕ ಗೋಡೆಗೆ ಬೋರ್ಡೇ ಬರೆಸಿ ಹಾಕಿದ್ದಳು: 'ಹನ್ನೊಂದು ವರ್ಷದಿಂದ ಅದೇ ಅಳತೆ, ಅದೇ ರುಚಿ.'

ಆ ಅಳತೆಯನ್ನು ಎಲ್ಲೂ ಬರೆದಿಟ್ಟಿರಲಿಲ್ಲ. ಅದು ಅವನ ತಲೆಯಲ್ಲಷ್ಟೇ ಇತ್ತು. ಈಗ ಯಾರೋ ಅದನ್ನು ಚಮಚ ಚಮಚವಾಗಿ ಕದಿಯುತ್ತಿದ್ದರು.

ಎದುರು ಸಾಲಿನಲ್ಲಿ ಹೊಸ ಅಂಗಡಿಯೊಂದು ಏಳುತ್ತಿತ್ತು. ಅದರ ಬೋರ್ಡಿಗೆ ಬಟ್ಟೆ ಮುಚ್ಚಿದ್ದರು; ಹೋಟೆಲೇ ಇರಬೇಕೆಂದು ಅಕ್ಕನ ಲೆಕ್ಕ. ಕೆಲಸ ಶುರುವಾದ ವಾರವೇ ಈಕೆ ಬರತೊಡಗಿದ್ದಳು. ದಿನಕ್ಕೆ ಒಂದೇ ತಟ್ಟೆ. ಮೊದಲು ಕಣ್ಣು ಮುಚ್ಚಿ ಮೂಸುವಳು. ಚಮಚದಲ್ಲಿ ಸಾಸನ್ನಷ್ಟೇ ತೆಗೆದು ಸೊರ್ರೆಂದು ಹೀರಿ, ಬಾಯಲ್ಲೆಲ್ಲ ಆಡಿಸಿ, ಕಲ್ಲಿನ ಹಾಗೆ ಕೂರುವಳು. ಆಮೇಲೆ ಬರೆಯುವಳು. ಒಮ್ಮೆ ಸಕ್ಕರೆ ಸೀದು ಕಮಟು ವಾಸನೆ ಎದ್ದಾಗ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡಿದ್ದರು. ಈಕೆ ತಲೆಯೆತ್ತಲೂ ಇಲ್ಲ.

"ಕಳ್ಳತನಕ್ಕೂ ಎಂಥ ಶ್ರದ್ಧೆ ನೋಡು," ಎಂದಿದ್ದಳು ಅಕ್ಕ.

ಹನ್ನೆರಡನೆಯ ದಿನ ಅವಳ ಮುಖ ಇದ್ದಕ್ಕಿದ್ದಂತೆ ಅರಳಿತು. ಇನ್ನೊಂದು ಚಮಚ, ಮತ್ತೊಂದು. ಪೆನ್ನು ಓಡಿದ ರಭಸಕ್ಕೆ ಹಾಳೆ ಹರಿಯಬೇಕು. ಹೋಗುವಾಗ ಅಡುಗೆಮನೆಯ ಕಿಟಕಿಗೆ ಬಂದು, "ಶುಂಠಿ ಹಾಕ್ತೀರಲ್ವಾ?" ಎಂದಳು. ಕಣ್ಣಲ್ಲಿ ನೀರಾಡುತ್ತಿತ್ತು.

"ಶುಂಠಿ ಗೊತ್ತಾಗೋಕೆ ಹನ್ನೆರಡು ದಿನ ಬೇಕಾಯ್ತಾ? ದಡ್ಡ ಕಳ್ಳಿ!" ಎಂದು ಅಕ್ಕ ನಕ್ಕಳು. ಅವನಿಗೆ ನಗು ಬರಲಿಲ್ಲ. ಇವತ್ತು ಶುಂಠಿ, ನಾಳೆ ಉಳಿದದ್ದು.

ಮರುದಿನದಿಂದ ಅವಳಿಗೆಂದೇ ಒಂದು ಪುಟ್ಟ ಬಾಣಲೆ ಬೇರೆ ಇಟ್ಟ. ಮೊದಲ ದಿನ ಶುಂಠಿ ಬಿಟ್ಟ. ಎರಡನೆಯ ದಿನ ಸಕ್ಕರೆ ಅರ್ಧ ಮಾಡಿದ. ಮೂರನೆಯ ದಿನ ವಿನೆಗರ್ ಎರಡರಷ್ಟು. ಹೀಗೆಯೇ ವಾರವಿಡೀ. ಅಷ್ಟು ವರ್ಷ ಅಳತೆ ತಪ್ಪದ ಕೈ, ಬೇಕೆಂದೇ ತಪ್ಪಿಸುವಾಗಲೂ ಹಳೆಯ ಅಳತೆಯ ಚಮಚವನ್ನೇ ಮೊದಲು ಎತ್ತಿಕೊಳ್ಳುತ್ತಿತ್ತು.

"ಪಾಪ ಅನ್ನಿಸ್ತಿದೆ ಅಕ್ಕ. ಮುಖ ಎಷ್ಟು ಬಾಡಿಹೋಗಿದೆ ನೋಡು."

"ಬಾಡಲಿ ಬಿಡು. ನೀನೇನು ಅವಳನ್ನ ಹೆಣ್ಣು ನೋಡೋಕೆ ಬಂದವನಾ, ಮುಖ ನೋಡ್ಕೊಂಡು ಕೂರೋಕೆ?"

ಈ ಇಪ್ಪತ್ತನೆಯ ದಿನ ಅವನು ಬೆಳ್ಳುಳ್ಳಿಯನ್ನೂ ಕೈಬಿಟ್ಟಿದ್ದ. ಅವಳು ಒಂದೇ ಒಂದು ಚಮಚ ಹೀರಿದಳು. ಪೆನ್ನು ಮುಟ್ಟಲಿಲ್ಲ. ಎದ್ದು ಕಿಟಕಿಗೆ ಬಂದಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಒಂದು ವಾರದಿಂದ ಸಾಸಲ್ಲಿ ಏನಾದ್ರೂ ಬದಲಾಯಿಸಿದ್ದೀರಾ?"

ಅಕ್ಕ ಗಲ್ಲಾದಿಂದಲೇ ಗೋಡೆಯತ್ತ ಬೆರಳು ತೋರಿಸಿದಳು. "ಬೋರ್ಡ್ ಓದಿಲ್ವಾ ಮೇಡಂ?"

"ಓದಿದೀನಿ. ಅದನ್ನ ನೋಡೇ ಇಲ್ಲಿಗೆ ಬರೋಕೆ ಶುರು ಮಾಡಿದ್ದು. ಆದ್ರೂ ಇವರ ಬಾಯಿಂದ ಕೇಳ್ಬೇಕು."

"ಇಲ್ಲ ಮೇಡಂ," ಎಂದ ಅವನು, ಬಾಣಲೆ ನೋಡುತ್ತ. "ಒಂದು ಚಿಟಿಕೆನೂ ಬದಲಾಗಿಲ್ಲ."

ಅವಳು ತಲೆಯಾಡಿಸಿದಳು. ಮೇಜಿಗೆ ಮರಳಿ ಎರಡು ಸಾಲು ಗೀಚಿ, ಹಿಂದಿರುಗಿ ನೋಡದೆ ಹೊರಟುಹೋದಳು.

"ಗೆದ್ದೆ ಕಣೋ!" ಎಂದಳು ಅಕ್ಕ.

ಅಷ್ಟರಲ್ಲೇ ಎದುರು ಅಂಗಡಿಯ ಬೋರ್ಡಿನ ಬಟ್ಟೆ ಸರಿಯಿತು. ಇಬ್ಬರೂ ಬಾಗಿಲಿಗೆ ಓಡಿದರು. ಬೋರ್ಡಿನ ಮೇಲೆ ಎರಡು ದೊಡ್ಡ ಗಾಜುಗಳು ಮಿರಿಮಿರಿ ಮಿಂಚಿದವು. ಕನ್ನಡಕದ ಅಂಗಡಿ.

"ಹಾಗಾದ್ರೆ ಇವಳು ಯಾರ ಕಡೆಯವಳೋ?" ಅಕ್ಕನ ದನಿ ಇಳಿದಿತ್ತು.

ಅವನು ಆಗಲೇ ಅವಳ ಮೇಜಿನ ಬಳಿ ನಿಂತಿದ್ದ. ತಟ್ಟೆಯ ಪಕ್ಕದಲ್ಲಿ ನೋಟ್‌ಬುಕ್ ಹಾಗೆಯೇ ಬಿದ್ದಿತ್ತು, ಇನ್ನು ಬೇಡವೆಂದು ಬಿಟ್ಟುಹೋದ ವಸ್ತುವಿನಂತೆ. ತನ್ನ ಅಳತೆ ಎಷ್ಟು ಸಿಕ್ಕಿದೆಯೋ ನೋಡೋಣವೆಂದು ಮೊದಲ ಪುಟ ತೆರೆದ.

'ಜ್ವರ ಬಿಟ್ಟು ಎರಡು ತಿಂಗಳು. ವಾಸನೆಯಿಲ್ಲ, ರುಚಿಯಿಲ್ಲ. ಎಂದೂ ಬದಲಾಗದ ಒಂದೇ ತಿನಿಸನ್ನು ದಿನವೂ ತಿಂದು, ಏನು ತಿಳಿಯಿತೆಂದು ಬರೆದಿಡಿ ಎಂದಿದ್ದಾರೆ ಡಾಕ್ಟರು. ರಜೆ ಇನ್ನು ಇಪ್ಪತ್ತು ದಿನ. ಅಷ್ಟರಲ್ಲಿ ಸರಿಹೋಗದಿದ್ದರೆ ಚಹಾ ಕಂಪನಿಯಲ್ಲಿ ರುಚಿ ನೋಡುವ ನನ್ನ ಕೆಲಸ ಮುಗಿದಂತೆ.'

ಬೆರಳುಗಳು ತಾವಾಗಿಯೇ ಹಾಳೆ ಮಗುಚಿದವು.

'ದಿನ 1: ಏನೂ ಇಲ್ಲ.'

'ದಿನ 12: ಶುಂಠಿ! ಶುಂಠಿ, ಸಿಹಿ, ಬೆಳ್ಳುಳ್ಳಿ, ಎಲ್ಲವೂ! ವಾಪಸು ಬಂದೆ!'

'ದಿನ 13: ಶುಂಠಿ ಹೋಯಿತು.'

'ದಿನ 14: ಸಿಹಿ ಅರ್ಧದಷ್ಟೇ.'

'ದಿನ 15: ಹುಳಿ ಎರಡರಷ್ಟು.'

ಒಂದು ದಿನವೂ ತಪ್ಪಿರಲಿಲ್ಲ. ಅವನು ಹಾಕಿದ್ದು, ಬಿಟ್ಟದ್ದು, ಚಮಚದ ಲೆಕ್ಕದಲ್ಲಿ ಅಲ್ಲಿತ್ತು. ಕೊನೆಯ ಎರಡು ಸಾಲು ಅವನು ಎರಡು ಸಲ ಓದಿದ.

'ದಿನ 20: ಸಾಸ್ ಬದಲಾಗಿಲ್ಲವೆಂದು ಅವರೇ ಹೇಳಿದರು. ಹಾಗಾದರೆ ಸುಳ್ಳು ಹೇಳುತ್ತಿರುವುದು ನನ್ನ ನಾಲಿಗೆ. ರಾಜೀನಾಮೆ ಕೊಡಲು ಹೊರಟೆ.'