ಬೆಂಕಿಪೊಟ್ಟಣದ ಕ್ರಿಸ್ಟಲ್

ಗವಿಸ್ವಾಮಿಯ ರಿಮೋಟಿನಲ್ಲಿ ಓಡುವ ಆಟದ ಲಾರಿ ಮೂರನೇ ಸಲವೂ ಅದೇ ತಿರುವಿನಲ್ಲಿ ದಾರಿ ಬಿಟ್ಟು, ಹೇರೋಹಳ್ಳಿಯ ಖಾಲಿ ಸೈಟಿನ ಮಣ್ಣುಗುಡ್ಡೆ ಹತ್ತಿ ಪಲ್ಟಿ ಹೊಡೆಯಿತು. ದಪ್ಪ ಚಕ್ರಗಳು ಮೇಲಾಗಿ ಗಿರ್ರನೆ ಸುತ್ತಿದವು, ಅದರ ಪುಟ್ಟ ಎಂಜಿನ್ನಿನ ನೈಟ್ರೋ ಇಂಧನದ ಹೊಗೆ ಮೂಗಿಗೆ ಬಡಿಯಿತು. "ನಿಂದು ಗುಡ್ಡೆ ಎಗರಿಸೋಕೆ ಸರಿ ಮಗಾ, ರೇಸಿಗಲ್ಲ. ಮದ್ರಾಸ್ ರೇಸಿಗೆ ಹೋಗೋದು ಒಂದೇ ಗಾಡಿ, ನಂದೇ ಹೋಗ್ಲಿ ಬಿಡು," ಅಂದ ಗೆಳೆಯ ಹೊನ್ನೇಶ. ಅವನ ಲಾರಿ ಆಗಲೇ ಓಡಿ ಮುಗಿಸಿ, ಎಂಜಿನ್ ಆರಿ ಪಕ್ಕದಲ್ಲಿ ನಿಂತಿತ್ತು. ರಿಮೋಟ್ ಮಾತ್ರ ಇನ್ನೂ ಕೈಯಲ್ಲೇ ಇತ್ತು.

ಗವಿಸ್ವಾಮಿ ಲಾರಿಯನ್ನು ನೆಟ್ಟಗೆ ನಿಲ್ಲಿಸಿ ಮತ್ತೆ ಬಿಟ್ಟ. ತಿರುವು ಹತ್ತಿರವಾದಾಗ ತನ್ನ ರಿಮೋಟನ್ನು ಸದ್ದಿಲ್ಲದೆ ಆಫ್ ಮಾಡಿದ. ಯಾರೋ ಕಿವಿ ಹಿಂಡಿ ತಿರುಗಿಸಿದ ಹಾಗೆ ಲಾರಿ ಎಡಕ್ಕೆ ಹೊರಳಿ ಅದೇ ಗುಡ್ಡೆಗೆ ನುಗ್ಗಿತು. ಹೊನ್ನೇಶನ ಹೆಬ್ಬೆರಳೂ ಎಡಕ್ಕೇ ಒತ್ತಿಕೊಂಡಿತ್ತು.

ಒಬ್ಬರ ಗಾಡಿ ಇನ್ನೊಬ್ಬರ ರಿಮೋಟಿನ ಮಾತು ಕೇಳಬೇಕಾದರೆ ಎರಡು ರಿಮೋಟಿನಲ್ಲೂ ಒಂದೇ ನಂಬರಿನ ಕ್ರಿಸ್ಟಲ್, ಅಂದರೆ ರೇಡಿಯೋ ತರಂಗ ಗೊತ್ತುಮಾಡುವ ಬಿಡಿಭಾಗ, ಇರಬೇಕು. ಉಗುರಿನಷ್ಟಿರುವ ಆ ವಸ್ತುವನ್ನು ಗವಿಸ್ವಾಮಿಯ ಭಾವ ದುಬೈಯಿಂದ ಎರಡು ತಂದುಕೊಟ್ಟಿದ್ದ. ಒಂದನ್ನು ತನ್ನ ರಿಮೋಟಿಗೆ ಹಾಕಿಕೊಂಡು, ಇನ್ನೊಂದನ್ನು ಗವಿಸ್ವಾಮಿಯೇ ಹತ್ತಿಯಲ್ಲಿ ಸುತ್ತಿ, ಬೆಂಕಿಪೊಟ್ಟಣದಲ್ಲಿಟ್ಟು ಹೊನ್ನೇಶನ ಕೈಗೆ ಕೊಟ್ಟಿದ್ದ. "ನಮ್ಮನೇಲಿ ಮಕ್ಕಳು ಕಳೆದುಹಾಕ್ತವೆ. ನಿನ್ನ ಹತ್ರ ಇದ್ರೆ ಭದ್ರ ಕಣೋ," ಅಂದಿದ್ದ.

"ಬೇಜಾರಾಗ್ಬೇಡ, ಇನ್ನೊಂದ್ಸಲ ಬಿಟ್ಟು ನೋಡು," ಅಂದ ಹೊನ್ನೇಶ, ಕನಿಕರ ಸುರಿಸುತ್ತ. ಗವಿಸ್ವಾಮಿ ತನ್ನ ರಿಮೋಟನ್ನು ಅವನ ಕಾಲ ಬಳಿ ಮಣ್ಣಿನ ಮೇಲಿಟ್ಟ. "ನೀನೇ ಬಿಡು ಹೊನ್ನೇಶ. ನಂದು ಆಗ್ಲೇ ಆಫ್ ಆಗಿತ್ತು."