ಬೂದಿಯ ಕಾವಲು

"ಐಕ್ಳ ಕಾಯಕ್ಕೆ ಇವನ್ನ ಮಡಗಿದ್ದೀರಿ, ಸರಿ. ಇವನ್ನ ಕಾಯಕ್ಕೆ ಯಾರ್ನ ಮಡಗಿದ್ದೀರಿ ಆಚಾರ್ರೇ?"

ಪಟೇಲ ನೀಲಕಂಠಸ್ವಾಮಿಯವರು ಕೇಳಿದ್ದು ಕಮ್ಮಾರ ನಂಜಾಚಾರಿಯನ್ನು, ನೋಡಿದ್ದು ನನ್ನನ್ನು. ಹನಗೋಡಿನ ಅರಳಿಮರದ ಕೆಳಗೆ ಚಕ್ರ ಬಿಚ್ಚಿಕೊಂಡು ಕೂತಿದ್ದ ಗಾಡಿಯವರೆಲ್ಲ ನಕ್ಕರು. ಆಚಾರಿಯೂ ನಕ್ಕ. "ಮಾದೇವನ ಬಾಯಿ ಬಿಸಿಗೇ ಹಳಿ ಕಾಯ್ತದೆ ಬುಡಿ, ಬೆರಣಿ ಯಾಕೆ ದಂಡ," ಅಂದ ಗಾಡಿಯ ಲಿಂಗಣ್ಣ, ನನ್ನ ಕಡೆ ಕೈ ತೋರಿಸಿ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಇಂಥದೇ ಒಂದು ಮಾತು ಅಂದರು ಅಂತ ಸ್ಲೇಟು ಬಿಸಾಕಿ ಬಂದವನು ನಾನು. ಈ ಸಲ ಕೈಯಲ್ಲಿ ಇದ್ದದ್ದು ಜಾಲಿಮುಳ್ಳಿನ ಕೊಂಬೆ. ಬಿಸಾಕಿದರೆ ನನಗೇ ಚುಚ್ಚುತ್ತಿತ್ತು.

ಬೇಸಿಗೆಯಲ್ಲಿ ಗಾಡಿಚಕ್ರದ ಮರ ಒಣಗಿ ಕುಗ್ಗಿ, ಸುತ್ತಲಿನ ಕಬ್ಬಿಣದ ಹಳಿ ಸಡಿಲವಾಗುತ್ತದೆ. ಅದನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಮತ್ತೆ ಕೂರಿಸಬೇಕು. ಹಳಿ ಎತ್ತಿಕೊಂಡು ಹೋದ ಮೇಲೆ ನೆಲದಲ್ಲಿ ಉಳಿಯುವುದು ದುಂಡನೆಯ ಬೂದಿ. ಮೇಲೆ ನೋಡಿದರೆ ರಾಗಿಹಿಟ್ಟಿನ ಹಾಗೆ ತಣ್ಣಗೆ, ಅಡಿಯಲ್ಲಿ ನಿಗಿನಿಗಿ ಕೆಂಡ. ಹೋದ ಬೇಸಿಗೆ ಪಟೇಲರ ಮೊಮ್ಮಗಳು ನೀಲಾಂಬಿಕೆ ಅದರೊಳಗೆ ಕಾಲಿಟ್ಟು, ಮಳೆ ಹಿಡಿಯುವವರೆಗೂ ಜಗುಲಿ ಬಿಟ್ಟು ಇಳಿದಿರಲಿಲ್ಲ.

"ಈ ವರ್ಷ ಇನ್ನೊಂದು ಕಾಲು ಸುಡ್ಲಿ," ಅಂದರು ಪಟೇಲರು, "ಐಕ್ಳುದೋ ದೊಡ್ಡೋರ್ದೋ ನಾ ನೋಡಾಕಿಲ್ಲ. ಈ ಮರದಡಿ ಬೆಂಕಿ ಅನ್ನೋದೇ ಇರಾಕಿಲ್ಲ. ಎಲ್ರೂ ಚಕ್ರ ಹೊತ್ಕಂಡು ಹುಣಸೂರಿಗೆ ಹೋಗಿ."

ಅಂದರೆ ಆಚಾರಿಗೆ ಬೇಸಿಗೆಯ ಕೆಲಸವಿಲ್ಲ. ಆಚಾರಿಗೆ ಇಲ್ಲ ಅಂದರೆ ನನಗೂ ಇಲ್ಲ. ನನ್ನ ಕೋಪ ತಡೆದುಕೊಂಡು ಕೂಲಿಗೆ ಕರೆಯುತ್ತಿದ್ದವನು ಊರಿನಲ್ಲಿ ಅವನೊಬ್ಬನೇ. ಸುತ್ತಿಗೆ ಬಡಿದು ಬಡಿದು ಅವನ ಕಿವಿ ಅರ್ಧ ಹೋಗಿತ್ತು.

ಮೊದಲ ಹಳಿ ಎತ್ತಿದರು. ಬೂದಿಗೆ ನೀರು ಹುಯ್ಯುವ ಹಾಗಿಲ್ಲ, ಒದ್ದೆ ನೆಲದಲ್ಲಿ ಮುಂದಿನ ಹಳಿಗೆ ಬೆಂಕಿ ಏಳುವುದಿಲ್ಲ. ಅದಕ್ಕೇ ಸುತ್ತ ಮುಳ್ಳು ಹಾಕಿದೆ. ಇಕ್ಕಳದವರು ಓಡಾಡಲು ಒಂದು ಕಡೆ ಬಾಗಿಲಿನಷ್ಟು ಸಂದು ಉಳಿಯಿತು. ಅವರು ಚಕ್ರದ ಹತ್ತಿರ ಬಡಿಯುತ್ತಿದ್ದಾಗ ಆ ಸಂದಿನಲ್ಲಿ ನಾನೇ ನಿಂತೆ, ಬೂದಿಗೆ ಬೆನ್ನು ಮಾಡಿ, ಮಕ್ಕಳಿಗೆ ಮುಖ ಮಾಡಿ.

ಮಕ್ಕಳು ನಾನು ಎಳೆದ ಗೆರೆಯ ಆಚೆ ನೆರಳಿನಲ್ಲಿ ತೆಪ್ಪಗೆ ಕೂತಿದ್ದವು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಪಟೇಲರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನನಗೂ ಬುದ್ಧಿ ಇದೆ ಅಂತ ತೋರಿಸಬೇಕಾಗಿತ್ತು.

"ಬೂದಿ ಬೆಳ್ಳಗದೆ ಅಂತ ನಂಬ್ಬುಟ್ಟೀರಾ," ಅಂತ ಶುರು ಮಾಡಿದೆ. "ಕಾಲಿಡಕ್ಕೆ ಮುಂಚೆ ನೆಲ ನೋಡ್ಬೇಕು. ದೇವ್ರು ಕಣ್ಣು ಕೊಟ್ಟಿರೋದು ಯಾಕ್ರಲಾ? ಮಾವಿನಕಾಯಿ ನೋಡಕ್ಕೆ ಮಾತ್ರವಾ?" ಅಲ್ಲಿಂದ ನೆತ್ತಿ ಸುಡುವ ಬಿಸಿಲಿಗೆ ಹೋದೆ, ಬಿಸಿಲಿನಿಂದ ಹೊಳೆಯ ಮಡುವಿಗೆ, ಮಡುವಿನಿಂದ ಮಾವಿನಮರದ ಒಣಕೊಂಬೆಗೆ. ಬೇಸಿಗೆಯಲ್ಲಿ ಕೈಕಾಲು ಕಳೆದುಕೊಳ್ಳುವ ದಾರಿ ಒಂದನ್ನೂ ಬಿಡಲಿಲ್ಲ. ಮಾತಿಗೆ ರಭಸ ಬಂದ ಹಾಗೆಲ್ಲ ಕೈ ಮೇಲೆದ್ದಿತು, ಎದೆ ಉಬ್ಬಿತು, ಕಾಲು ಹಿಂದಕ್ಕೆ ಸರಿಯಿತು.

"ಮಾದೇವಣ್ಣ, ಇಂದ್ಕೆ..." ನೀಲಾಂಬಿಕೆ ಎದ್ದು ನಿಂತಳು.

"ಕುಂತ್ಕೊ. ದೊಡ್ಡೋರು ಮಾತಾಡೋವಾಗ ಬಾಯಿ ಹಾಕ್ಬಾರ್ದು."

"ಅಲ್ಲಣ್ಣ, ಬೂದಿ..."

"ಬೂದಿ ಇಸ್ಯ ನಂಗೇ ಹೇಳ್ಕೊಡ್ತೀಯಾ?" ಅಂತ ಇನ್ನೊಂದು ಹೆಜ್ಜೆ ಹಿಂದಿಟ್ಟೆ.

ಕೂಗಲಿಲ್ಲ. ಅದೇನು ಧೈರ್ಯವಲ್ಲ, ಉಸಿರೇ ಬರಲಿಲ್ಲ. ಈಚೆಗೆ ಹಾರಿ, ಸುಟ್ಟ ಬಲಗಾಲನ್ನು ಎಡಗಾಲಿನ ಹಿಂದೆ ಅಡಗಿಸಿ ಕೊಕ್ಕರೆಯಂತೆ ನಿಂತೆ. ಸರದಿ ಬಾರದ ಚಕ್ರಗಳು ಮರಕ್ಕೆ ಒರಗಿಕೊಂಡಿದ್ದವು. ಆಚಾರಿ ಸುತ್ತಿಗೆ ಕೆಳಗಿಟ್ಟು ನನ್ನನ್ನೇ ನೋಡಿದ. ಈಗ ಅವನು ನಗುತ್ತಿರಲಿಲ್ಲ.

ಪಟೇಲರು ಕಟ್ಟೆಯಿಂದ ಇಳಿದು ಬಂದರು. "ಏನ್ಲಾ, ಸುಟ್ಕಂಡ್ಯಾ?"

ಹೌದು ಅಂದರೆ ಬೆಂಕಿ ಆರುತ್ತದೆ. ಇಲ್ಲ ಅಂದರೆ ಕಾಲು ತೋರಿಸು ಅನ್ನುತ್ತಾರೆ. ಹುಟ್ಟಿದಾಗಿನಿಂದ ಯಾರ ಮಾತಿಗೂ ಎದುರು ಮಾತು ಆಡದೆ ಬಿಟ್ಟವನಲ್ಲ ನಾನು. ಬಲಗಾಲನ್ನು ಪೂರ್ತಿ ನೆಲಕ್ಕೆ ಊರಿದೆ. ಮಧ್ಯಾಹ್ನದ ಕಾದ ಮಣ್ಣು. ಬೆನ್ನು ನೆಟ್ಟಗೆ ಮಾಡಿಕೊಂಡು, ಮದುವೆ ಗಂಡಿನ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಹೊಳೆಯ ಕಡೆ ಹೊರಟೆ. ನಾನು ನಿಂತಿದ್ದ ಸಂದಿಗೆ ಯಾರೋ ಒಂದು ಮುಳ್ಳುಕೊಂಬೆ ಎಳೆದ ಸದ್ದಾಯಿತು. ಆ ಸಂದಿಗೆ ಮೊದಲಿನಿಂದಲೂ ಅಷ್ಟೇ ಸಾಕಾಗಿತ್ತು.

"ತಾತ," ನೀಲಾಂಬಿಕೆಯ ದನಿ ಬೆನ್ನ ಹಿಂದೆ ಕೇಳಿಸಿತು, "ಮಾದೇವಣ್ಣ ಯಾವತ್ತೂ ಇಷ್ಟು ನೆಟ್ಗೆ ನಡಿಯಾಕಿಲ್ವಲ್ಲ?"

ನಾನು ತಿರುಗಲಿಲ್ಲ. ಹೊಳೆ ಇನ್ನೂ ದೂರವಿತ್ತು.